ಮೊದಲು ನೆಕ್, ಆಮೇಲೆ ಪಿಕಪ್: ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವವರಿಗೆ

ನಾನು ಮೊದಲ ಸಲ ಕೊಂಡ ಹಳೇ ಗಿಟಾರ್ ನೋಡಲು ಬಲು ಚೆಂದವಿತ್ತು. ಮಾರುವವರ ಮನೆಯಲ್ಲಿ, ಅವರದೇ ಆಂಪ್ಲಿಫೈಯರ್‌ಗೆ ಸಿಕ್ಕಿಸಿ ಹತ್ತು ನಿಮಿಷ ನುಡಿಸಿದೆ. ಕಿವಿ ತುಂಬಿತು, ದುಡ್ಡು ಕೊಟ್ಟು ಹೊತ್ತು ತಂದೆ. ಮನೆಯಲ್ಲಿ ನಿಧಾನಕ್ಕೆ ಕೂತು ನುಡಿಸತೊಡಗಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಮೇಲಿನ ಸ್ವರಗಳು ಬೇಗ ಸಾಯುತ್ತಿದ್ದವು, ನಾದದಲ್ಲಿ ಜೀವವಿರಲಿಲ್ಲ. ತಂತಿಯ ಮಿಡಿತವನ್ನು ವಿದ್ಯುತ್ತಾಗಿಸಿ ಆಂಪ್ಲಿಫೈಯರ್‌ಗೆ ಕಳಿಸುವ ಪಿಕಪ್ಪಿನದೇ ತಪ್ಪು ಎಂದುಕೊಂಡು ಅದನ್ನು ಬದಲಿಸಿದೆ. ಆರು ತಿಂಗಳೊಳಗೆ ಇನ್ನೊಂದು ಸಲ ಬದಲಿಸಿದೆ. ಕೊನೆಗೆ ಗಿಟಾರ್ ರಿಪೇರಿ ಮಾಡುವವರೊಬ್ಬರು ಅದನ್ನು ಕೈಗೆತ್ತಿಕೊಂಡು, ಒಂದು ಕಣ್ಣು ಮುಚ್ಚಿ ನೆಕ್ಕಿನ, ಅಂದರೆ ಬೆರಳಿಟ್ಟು ನುಡಿಸುವ ನೀಳ ಕತ್ತಿನ, ಉದ್ದಕ್ಕೂ ದೃಷ್ಟಿ ಹಾಯಿಸಿ, "ನೆಕ್ಕೇ ತಿರುಚಿಕೊಂಡಿದೆಯಲ್ಲ, ಯಾವ ಪಿಕಪ್ ಹಾಕಿದರೆ ಏನು ಬಂತು?" ಎಂದರು.

ಅಂದಿನಿಂದ ನನ್ನ ಕ್ರಮ ಒಂದೇ. ಬದಲಿಸಲಾಗದ್ದನ್ನು ಮೊದಲು ನೋಡುತ್ತೇನೆ, ಬದಲಿಸಬಹುದಾದ್ದನ್ನು ಕೊನೆಗೆ. ಪಿಕಪ್ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ತಿರುಚಿಕೊಂಡ ನೆಕ್ಕನ್ನು ನೆಟ್ಟಗೆ ಮಾಡುವುದು ಬಹಳ ಸಲ ಆಗದ ಕೆಲಸ. ಆದರೆ ಕೊಳ್ಳಲು ಹೋದವರ ಕಿವಿಗೆ ಮೊದಲು ಬೀಳುವುದು ಪಿಕಪ್ಪಿನ ದನಿ. ಅದಕ್ಕೇ ಈ ಲೇಖನವನ್ನು ಆ ಆಕರ್ಷಣೆಗೆ ತಿರುವುಮುರುವಾಗಿ ಬರೆದಿದ್ದೇನೆ.

ಹೋಗುವಾಗ ಜೊತೆಗಿರಲಿ

ನಿಮ್ಮದೇ ಕೇಬಲ್, ಶ್ರುತಿ ನೋಡುವ ಟ್ಯೂನರ್, ಚಿಕ್ಕ ಟಾರ್ಚ್, ಮಿಲಿಮೀಟರ್ ಗುರುತುಗಳಿರುವ ಉಕ್ಕಿನ ಸ್ಕೇಲ್, ಒಂದು ಸ್ಕ್ರೂಡ್ರೈವರ್, ಒಂದು ಮಲ್ಟಿಮೀಟರ್. ಮಲ್ಟಿಮೀಟರ್ ತೀರಾ ಸಾಧಾರಣದ್ದಾದರೂ ಸಾಕು. ಆಂಪ್ಲಿಫೈಯರ್ ಮಾರುವವರದ್ದೇ ಆದರೆ ರಿವರ್ಬ್, ಡಿಸ್ಟಾರ್ಷನ್ ಎಲ್ಲ ತೆಗೆಸಿ, ಬರೀ ಶುದ್ಧ ದನಿಯಲ್ಲಿ ಕೇಳಿ. ಡಿಸ್ಟಾರ್ಷನ್ನಿನಲ್ಲಿ ಎಲ್ಲ ಕೊರತೆಯೂ ಮುಚ್ಚಿಹೋಗುತ್ತದೆ.

ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕಾದದ್ದು ಸ್ಕೇಲ್ ಉದ್ದ. ಅಂದರೆ ನಟ್‌ನಿಂದ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಕೊರಕಲುಗಳ ಪಟ್ಟಿ) ಬ್ರಿಡ್ಜ್‌ವರೆಗೆ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಭಾಗ) ತಂತಿ ಮಿಡಿಯುವ ಉದ್ದ. ಫೆಂಡರ್ ಕಂಪನಿಯ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ 25.5 ಇಂಚು, ಅಂದರೆ 648 ಮಿ.ಮೀ. ಗಿಬ್ಸನ್ ಕಂಪನಿಯ ಮಾದರಿಗಳಲ್ಲಿ ಸುಮಾರು 24.75 ಇಂಚು, 629 ಮಿ.ಮೀ. ಅದೇ ತಂತಿ, ಅದೇ ಶ್ರುತಿ ಇಟ್ಟರೆ ಉದ್ದದ ಸ್ಕೇಲಿನಲ್ಲಿ ತಂತಿ ಬಿಗಿ, ಗಿಡ್ಡದರಲ್ಲಿ ಸಡಿಲ. ತಂತಿ ಎಳೆದು ಸ್ವರ ಏರಿಸುವುದು ನಿಮಗೆ ಇಷ್ಟವಾದರೆ ಗಿಡ್ಡ ಸ್ಕೇಲ್ ಬೆರಳಿಗೆ ಹಿತ. ಶ್ರುತಿ ಇಳಿಸಿ ನುಡಿಸುವವರಿಗೆ ಉದ್ದದ್ದೇ ಒಳ್ಳೆಯದು. ಎಷ್ಟು ಪಿಕಪ್ ಬದಲಿಸಿದರೂ ಈ ಬೆರಳ ಅನುಭವ ಬದಲಾಗುವುದಿಲ್ಲ.

ನೆಕ್: ಇಲ್ಲಿ ಅವಸರ ಬೇಡ

ಗಿಟಾರ್ ಕೈಗೆ ಬಂದ ಕೂಡಲೇ ನುಡಿಸಬೇಡಿ. ಶ್ರುತಿ ಮಾಡಿ. ತಂತಿ ಸಡಿಲವಿರುವಾಗ ನೆಕ್ ತನ್ನ ನಿಜವಾದ ಆಕಾರ ತೋರಿಸುವುದಿಲ್ಲ. ಹತ್ತನೇ ಗೇಜಿನ (ಅತಿ ತೆಳು ತಂತಿ 0.010 ಇಂಚು ದಪ್ಪವಿರುವ) ತಂತಿಗಳ ಒಂದು ಸೆಟ್ ಪೂರ್ತಿ ಶ್ರುತಿಯಲ್ಲಿರುವಾಗ ನೆಕ್ಕಿನ ಮೇಲೆ ಸುಮಾರು 45 ಕಿಲೋ ಎಳೆತ ಬೀಳುತ್ತದೆ. ಆ ಭಾರದಲ್ಲಿ ಅದು ಹೇಗೆ ನಿಲ್ಲುತ್ತದೆ ಎಂಬುದನ್ನೇ ನಾವು ನೋಡಬೇಕಿರುವುದು.

ಮೊದಲು ಗಿಟಾರ್ ಎತ್ತಿ, ಬ್ರಿಡ್ಜ್ ಕಡೆಯಿಂದ ಹೆಡ್‌ಸ್ಟಾಕ್ (ಬಿರಡೆಗಳಿರುವ ತಲೆ) ಕಡೆಗೆ, ಬಂದೂಕಿನ ಗುರಿ ನೋಡುವಂತೆ ಫ್ರೆಟ್‌ಬೋರ್ಡಿನ (ನೆಕ್ಕಿನ ಮೇಲೆ, ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿರುವ ಹಲಗೆ) ಎರಡೂ ಅಂಚುಗಳನ್ನು ನೋಡಿ. ಎರಡೂ ಅಂಚು ಒಂದೇ ರೀತಿ ಬಾಗಿದ್ದರೆ ತೊಂದರೆಯಿಲ್ಲ. ಒಂದು ಅಂಚು ಮುಂದಕ್ಕೆ ಬಾಗಿ ಇನ್ನೊಂದು ನೆಟ್ಟಗಿದ್ದರೆ, ಅಥವಾ ನಟ್ಟೂ ಬ್ರಿಡ್ಜೂ ಒಂದಕ್ಕೊಂದು ಓರೆಯಾಗಿ ಕಂಡರೆ, ಅದು ತಿರುಚು. ಹೀಗೆ ಕಂಡರೆ ನಾನು ಧನ್ಯವಾದ ಹೇಳಿ ಎದ್ದು ಬರುತ್ತೇನೆ. ಬೆಲೆ ಎಷ್ಟು ಇಳಿಸಿದರೂ ಅಷ್ಟೇ.

ಬಾಗಿದ್ದರೆ ಎಷ್ಟು ಎಂದು ಅಳೆಯಿರಿ. ಆರನೇ, ಅಂದರೆ ಅತಿ ದಪ್ಪ, ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೈಯಿಂದ, ನೆಕ್ ಮೈಗೆ ಸೇರುವ ಕಡೆಯ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ತಂತಿಯೇ ಈಗ ನೆಟ್ಟನೆಯ ಅಳತೆಗೋಲು. ಏಳು ಎಂಟನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ 0.2ರಿಂದ 0.3 ಮಿ.ಮೀ. ಜಾಗವಿದ್ದರೆ ಚೆನ್ನಾಗಿದೆ. ಒಂದು ಮಿಲಿಮೀಟರ್‌ನಷ್ಟು ಕಂಡರೆ ಟ್ರಸ್ ರಾಡ್ ಬಿಗಿ ಮಾಡಬೇಕು. ತಂತಿ ಫ್ರೆಟ್ಟಿಗೆ ಅಂಟಿಕೊಂಡೇ ಕೂತಿದ್ದರೆ ನೆಕ್ ಹಿಂದಕ್ಕೆ ಬಾಗಿದೆ, ರಾಡ್ ಸಡಿಲಿಸಬೇಕು.

ಟ್ರಸ್ ರಾಡ್ ಎಂದರೆ ನೆಕ್ಕಿನೊಳಗೆ ಕೂತಿರುವ ಉಕ್ಕಿನ ಸರಳು. ಅದರ ತುದಿಯ ತಿರುಪು ನಟ್ (ತಂತಿ ಕೂರುವ ನಟ್ ಬೇರೆ) ತಿರುಗುತ್ತದೋ ಇಲ್ಲವೋ ಎಂಬುದು ಕೊಳ್ಳುವ ಮೊದಲೇ ಗೊತ್ತಾಗಬೇಕು. ಮಾರುವವರನ್ನು ಕೇಳಿ, ಅವರ ಕೈಯಿಂದಲೇ ಕಾಲು ಸುತ್ತು ಸಡಿಲಿಸಿ ಮತ್ತೆ ಬಿಗಿ ಮಾಡಿಸಿ. ತಿರುಗಿಸಲು ಅವರು ಒಪ್ಪದಿದ್ದರೆ, ನಟ್ ಈಗಾಗಲೇ ತುದಿ ಮುಟ್ಟಿದ್ದರೆ ಅಥವಾ ಅದರ ಮೂಲೆಗಳು ಸವೆದು ಗುಂಡಗಾಗಿದ್ದರೆ, ಆ ಗಿಟಾರಿನ ಆರೋಗ್ಯ ನಿಮಗೆ ಗೊತ್ತಿಲ್ಲ ಎಂದೇ ಅರ್ಥ.

ಮುಂದೆ ಹೆಡ್‌ಸ್ಟಾಕ್. ಹಿಂದಕ್ಕೆ ವಾಲಿದ ಹೆಡ್‌ಸ್ಟಾಕಿನ ಗಿಟಾರುಗಳಲ್ಲಿ, ಅದರಲ್ಲೂ ಮಹಾಗನಿ ನೆಕ್ಕಿನವುಗಳಲ್ಲಿ, ನಟ್‌ನ ಹಿಂಬದಿಯೇ ಅತಿ ದುರ್ಬಲ ಜಾಗ. ಮರದ ಎಳೆಗಳು ಅಲ್ಲಿ ಓರೆಯಾಗಿ ಕತ್ತರಿಸಿಹೋಗಿರುತ್ತವೆ. ಮೇಲಾಗಿ ಟ್ರಸ್ ರಾಡ್ ನಟ್‌ಗೆಂದು ಅಲ್ಲೇ ಗುಳಿ ತೋಡಿರುತ್ತಾರೆ. ಸ್ಟ್ಯಾಂಡಿನಿಂದ ಒಂದು ಸಲ ಹಿಂದಕ್ಕೆ ಬಿದ್ದರೆ ಸಾಕು, ಬಿರುಕು ಬಿಡುತ್ತದೆ. ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಆ ಜಾಗವನ್ನು ನೋಡಿ, ಬೆರಳಿನಿಂದ ಸವರಿ. ಕೂದಲೆಳೆಯಂಥ ಗೆರೆ, ಸುತ್ತಲಿನ ಬಣ್ಣಕ್ಕಿಂತ ಬೇರೆಯಾದ ಹೊಳಪು, ಬಣ್ಣ ಮತ್ತೆ ಬಳಿದ ಗುರುತು ಇದ್ದರೆ ಅಲ್ಲಿ ಮುರಿದು ಅಂಟಿಸಿದ್ದಾರೆ. ಚೆನ್ನಾಗಿ ಅಂಟಿಸಿದ ಗಿಟಾರ್ ವರ್ಷಗಟ್ಟಲೆ ಬಾಳುತ್ತದೆ, ನಾದಕ್ಕೂ ಕುಂದಿಲ್ಲ. ಅಂಥದನ್ನು ಕೊಳ್ಳಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಬೆಲೆ ಗಣನೀಯವಾಗಿ ಇಳಿಯಲೇಬೇಕು. ಅದನ್ನು ಮುಚ್ಚಿಟ್ಟು ಮಾರುವವರು ಇನ್ನೇನೇನು ಮುಚ್ಚಿಟ್ಟಿದ್ದಾರೋ ಎಂಬ ಅನುಮಾನವೂ ನ್ಯಾಯವಾದದ್ದೇ.

ನೆಕ್ ಮೈಗೆ ಸೇರುವ ಕೋನವನ್ನೂ ನೋಡಿ. ಬ್ರಿಡ್ಜ್ ಪೂರ್ತಿ ಕೆಳಗಿಳಿದು ಮೈಗೆ ತಾಗಿದ್ದರೂ ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿ ಎತ್ತರದಲ್ಲೇ ಇದ್ದರೆ ಕೋನ ಸರಿಯಿಲ್ಲ. ಸ್ಕ್ರೂಗಳಿಂದ ಕೂರಿಸಿದ ನೆಕ್ ಆದರೆ ಬಿಚ್ಚಿ, ತೆಳುವಾದ ಚಕ್ಕೆ ಇಟ್ಟು ಸರಿಪಡಿಸಬಹುದು. ಅಂಟಿಸಿದ ನೆಕ್ ಆದರೆ ಅದು ದೊಡ್ಡ ಶಸ್ತ್ರಚಿಕಿತ್ಸೆ. ಹಾಗೆಯೇ ಮೊದಲ ತಂತಿ ಒಂದು ಅಂಚಿಗೆ ಹತ್ತಿರ, ಆರನೆಯದು ಇನ್ನೊಂದು ಅಂಚಿನಿಂದ ದೂರ ಇದ್ದರೂ, ಸ್ಕ್ರೂ ನೆಕ್ಕಿನಲ್ಲಿ ಅದನ್ನು ಸಡಿಲಿಸಿ ಸರಿಸಿಬಿಡಬಹುದು.

ಫ್ರೆಟ್ಟುಗಳು

ಹಳೇ ಗಿಟಾರಿನಲ್ಲಿ ಫ್ರೆಟ್ ಸವೆದಿರುವುದು ಸಹಜ. ಯಾರೋ ಪ್ರೀತಿಯಿಂದ ನುಡಿಸಿದ ಗುರುತು ಅದು. ಎಷ್ಟು ಸವೆದಿದೆ ಎಂಬುದಷ್ಟೇ ಪ್ರಶ್ನೆ. ಮೊದಲ ಐದು ಫ್ರೆಟ್ಟುಗಳಲ್ಲಿ, ತೆಳುವಾದ ಮೂರು ತಂತಿಗಳ ಅಡಿಯಲ್ಲಿ ಗುಳಿ ಬಿದ್ದಿರುತ್ತದೆ. ಉಗುರಿನಿಂದ ಗೀರಿ ನೋಡಿ. ಉಗುರು ಸಿಕ್ಕಿಕೊಳ್ಳದಷ್ಟು ಇದ್ದರೆ ಮರೆತುಬಿಡಿ. ಗುಳಿ ಆಳವಿದ್ದರೂ ಫ್ರೆಟ್ಟಿನ ಎತ್ತರ ಇನ್ನೂ ಉಳಿದಿದ್ದರೆ ಅರದಿಂದ ಮಟ್ಟ ಮಾಡಿ ಮತ್ತೆ ದುಂಡಗೆ ಮಾಡಿಸಬಹುದು. ಎತ್ತರವೇ ಉಳಿದಿಲ್ಲವಾದರೆ ಎಲ್ಲ ಫ್ರೆಟ್ಟನ್ನೂ ಕಿತ್ತು ಹೊಸದು ಹಾಕಿಸಬೇಕು. ಕಡಿಮೆ ಬೆಲೆಯ ಗಿಟಾರಿಗೆ ಆ ಖರ್ಚು ಗಿಟಾರಿನ ಬೆಲೆಯನ್ನೇ ಮೀರಬಹುದು. ಹೊಸ ಫ್ರೆಟ್ಟು ಸಾಧಾರಣವಾಗಿ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚೇ ಎತ್ತರವಿರುತ್ತದೆ ಎಂಬುದು ತಲೆಯಲ್ಲಿರಲಿ.

ಈಗ, ಆಂಪ್ಲಿಫೈಯರ್ ಇಲ್ಲದೆಯೇ, ಆರೂ ತಂತಿಗಳಲ್ಲಿ ಪ್ರತಿ ಫ್ರೆಟ್ಟನ್ನೂ ಒಂದೊಂದಾಗಿ ನುಡಿಸಿ. ಬೇಸರದ ಕೆಲಸ, ಐದು ನಿಮಿಷ ಹಿಡಿಯುತ್ತದೆ. ಆದರೂ ಬಿಡಬೇಡಿ. ಕಿರ್ ಎನ್ನುವ, ಥಟ್ಟನೆ ಸಾಯುವ ಸ್ವರಗಳನ್ನು ಗುರುತು ಹಾಕಿಕೊಳ್ಳಿ. ಹನ್ನೆರಡರಿಂದ ಹದಿನೈದನೇ ಫ್ರೆಟ್ಟಿನ ನಡುವೆ ಮೊದಲ ಎರಡು ತಂತಿಗಳನ್ನು ಪೂರ್ತಿ ಒಂದು ಸ್ವರದಷ್ಟು ಎಳೆದು ನೋಡಿ. ಎಳೆಯುತ್ತಿದ್ದಂತೆ ನಾದ ಕತ್ತು ಹಿಸುಕಿದಂತೆ ನಿಂತುಹೋದರೆ ಮೇಲಿನ ಯಾವುದೋ ಫ್ರೆಟ್ ಎದ್ದಿದೆ, ಇಲ್ಲವೇ ತಂತಿ ತೀರಾ ಕೆಳಗಿದೆ. ಈ ಶಬ್ದಗಳನ್ನು ಆಂಪ್ಲಿಫೈಯರ್ ಹಾಕಿದ ಮೇಲೆ ಹುಡುಕುವುದು ಕಷ್ಟ. ಆಂಪ್ಲಿಫೈಯರ್ ಇಲ್ಲದೆಯೂ ಮರ ತುಂಬಿ ಅನುರಣಿಸುವ, ಸ್ವರ ದೀರ್ಘವಾಗಿ ಉಳಿಯುವ ಗಿಟಾರ್ ಸಿಕ್ಕರೆ ಅದರ ಪಿಕಪ್ ಯಾವುದಾದರೂ ಸರಿ, ನನಗೆ ಅದರ ಮೇಲೆ ಆಸೆ ಹುಟ್ಟುತ್ತದೆ.

ಉಳಿದ ಬಿಡಿಭಾಗ, ಬೇಗ ಬೇಗ

ಬಿರಡೆಗಳು ಜಾರಿದರೆ ಬದಲಿಸಬಹುದು. ನಟ್ ಸವೆದಿದ್ದರೂ ಹೊಸದು ಹಾಕಬಹುದು. ಶ್ರುತಿ ಮಾಡುವಾಗ ತಂತಿ ಟಿಂಗ್ ಎಂದು ಸಿಡಿದು ಸ್ವರ ಹಾರಿದರೆ ಅದು ನಟ್‌ನ ಕೊರಕಲಲ್ಲಿ ಸಿಕ್ಕಿಕೊಳ್ಳುತ್ತಿದೆ ಅಷ್ಟೇ. ಬ್ರಿಡ್ಜಿನ ಸ್ಕ್ರೂಗಳು ತುಕ್ಕು ಹಿಡಿದು ಕಚ್ಚಿಕೊಂಡಿಲ್ಲ ಎಂಬುದನ್ನು ಮಾತ್ರ ನೋಡಿ. ಹನ್ನೆರಡನೇ ಫ್ರೆಟ್ಟಿನ ಮೇಲೆ ಹಗುರವಾಗಿ ಮುಟ್ಟಿ ಹೊರಡಿಸಿದ ಹಾರ್ಮೋನಿಕ್ಕೂ ಅದೇ ಫ್ರೆಟ್ಟನ್ನು ಒತ್ತಿ ನುಡಿಸಿದ ಸ್ವರವೂ ಟ್ಯೂನರ್‌ನಲ್ಲಿ ಒಂದೇ ತೋರಿಸಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್ (ಬ್ರಿಡ್ಜಿನಲ್ಲಿ ಒಂದೊಂದು ತಂತಿ ಕೂರುವ ತುಂಡು) ಹಿಂದಕ್ಕೆ ಸರಿಯಬೇಕು, ಇಳಿದಿದ್ದರೆ ಮುಂದಕ್ಕೆ. ಸರಿಯಲು ಸ್ಯಾಡಲ್‌ಗೆ ಜಾಗ ಉಳಿದಿದೆಯೇ ನೋಡಿ. ಸ್ವರ ಏರಿಳಿಸಲು ವಾಲಿಸಬಹುದಾದ ಫ್ಲಾಯ್ಡ್ ರೋಸ್ ಮಾದರಿಯ ಬ್ರಿಡ್ಜ್ ಇದ್ದರೆ ಅದು ಕೂರುವ ಚೂಪಂಚುಗಳನ್ನು ಟಾರ್ಚ್ ಹಾಕಿ ನೋಡಿ. ಅವು ಮೊಂಡಾಗಿದ್ದರೆ ಶ್ರುತಿ ನಿಲ್ಲುವುದಿಲ್ಲ.

ನಕಲಿಯ ಬಗ್ಗೆ ಒಂದು ಮಾತು. ಸೀರಿಯಲ್ ನಂಬರ್ ಒಂದನ್ನೇ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಗಿಬ್ಸನ್‌ನ ಟ್ರಸ್ ರಾಡ್ ಮುಚ್ಚಳಕ್ಕೆ ಸಾಮಾನ್ಯವಾಗಿ ಎರಡೇ ಸ್ಕ್ರೂ ಇರುತ್ತವೆ. ಮೂರು ಕಂಡರೆ ಎಚ್ಚರ. ಹಳೆಯ ಗಿಟಾರ್ ಎಂದು ಹೆಚ್ಚು ಬೆಲೆ ಕೇಳುತ್ತಿದ್ದರೆ ಹಿಂದಿನ ಮುಚ್ಚಳ ಬಿಚ್ಚಿ ವಾಲ್ಯೂಮ್ ಪಾಟ್‌ಗಳ (ದನಿ ಏರಿಳಿಸುವ ಗುಂಡಿಗಳ ಅಡಿಯ ಭಾಗ) ಮೇಲೆ ಒತ್ತಿರುವ ಅಂಕಿಗಳನ್ನು ಓದಿ. ಅಮೆರಿಕದ ಹಳೇ ಪಾಟ್‌ಗಳಲ್ಲಿ ಮೊದಲ ಮೂರು ಅಂಕಿ ತಯಾರಕರ ಗುರುತು, ಆಮೇಲಿನವು ವರ್ಷ ಮತ್ತು ವಾರ. 1377633 ಎಂದಿದ್ದರೆ 137 ಎಂಬುದು ಸಿಟಿಎಸ್ ಕಂಪನಿ, 1976ನೇ ಇಸವಿಯ 33ನೇ ವಾರ. ಪಾಟ್ ತಯಾರಾಗುವುದಕ್ಕಿಂತ ಮೊದಲು ಗಿಟಾರ್ ತಯಾರಾಗಿರಲು ಸಾಧ್ಯವಿಲ್ಲ. ಹಾಗಿದ್ದರೆ ಪಾಟ್ ಬದಲಾಗಿದೆ, ಅಥವಾ ಹೇಳಿದ ಕಥೆ ಸುಳ್ಳು.

ಈಗ ಕೇಬಲ್ ಸಿಕ್ಕಿಸಿ

ಪಿಕಪ್ ಆರಿಸುವ ಸ್ವಿಚ್ಚಿನ, ಅಂದರೆ ಸೆಲೆಕ್ಟರ್‌ನ, ಪ್ರತಿ ಸ್ಥಾನದಲ್ಲೂ ದನಿ ಬರಬೇಕು. ಗುಂಡಿಗಳನ್ನು ತಿರುಗಿಸಿದಾಗ ಕರಕರ ಎಂದರೆ ಅದು ಧೂಳು, ಕ್ಲೀನರ್ ಸ್ಪ್ರೇ ಹೊಡೆದರೆ ಬಹುತೇಕ ಹೋಗುತ್ತದೆ. ಜ್ಯಾಕ್ ಸಡಿಲವಿದ್ದರೂ ಸಣ್ಣ ಕೆಲಸ. ಇವಕ್ಕೆಲ್ಲ ಹೆದರಬೇಡಿ, ಬೆಲೆ ಮಾತಾಡುವಾಗ ಬಳಸಿಕೊಳ್ಳಿ.

ಸ್ಕ್ರೂಡ್ರೈವರ್‌ನ ಲೋಹದ ತುದಿಯಿಂದ ಪ್ರತಿ ಪಿಕಪ್ಪಿನಲ್ಲಿ ತಂತಿಗಳ ಅಡಿ ಕಾಣುವ ಲೋಹದ ಕಂಬಗಳನ್ನು ಮೆಲ್ಲಗೆ ತಟ್ಟಿ. ಟಕ್ ಟಕ್ ಎಂದು ಸ್ಪಷ್ಟವಾಗಿ ಕೇಳಬೇಕು. ಹಂಬಕರ್ (ಎರಡು ಕಾಯಿಲ್, ಅಂದರೆ ತಂತಿ ಸುರುಳಿ, ಇರುವ ಪಿಕಪ್) ಆದರೆ ಅದರ ಎರಡೂ ಸಾಲುಗಳನ್ನು ತಟ್ಟಿ. ಒಂದು ಸಾಲು ಮಾತ್ರ ಮಾತಾಡಿ ಇನ್ನೊಂದು ಮೂಕವಾಗಿದ್ದರೆ ಒಂದು ಕಾಯಿಲ್ ಸತ್ತಿದೆ, ಇಲ್ಲವೇ ಕಾಯಿಲ್ ಬೇರ್ಪಡಿಸುವ ಸ್ವಿಚ್ ಒತ್ತಿದೆ.

ಮಲ್ಟಿಮೀಟರ್ ಬಳಸಲು ಗಿಟಾರ್ ಬಿಚ್ಚಬೇಕಿಲ್ಲ. ಕೇಬಲ್‌ನ ಒಂದು ತುದಿ ಗಿಟಾರಿನಲ್ಲಿರಲಿ. ವಾಲ್ಯೂಮ್ ಪೂರ್ತಿ ಏರಿಸಿ, ಒಂದೊಂದೇ ಪಿಕಪ್ ಆರಿಸಿ, ಕೇಬಲ್‌ನ ಇನ್ನೊಂದು ತುದಿಯಲ್ಲಿ ಮೊನೆಗೂ ಬುಡದ ಲೋಹಕ್ಕೂ ಮೀಟರಿನ ಕಡ್ಡಿ ಹಿಡಿದು ರೋಧ ಅಳೆಯಿರಿ. ಫೆಂಡರ್‌ನ ಸ್ಟ್ರಾಟೋಕಾಸ್ಟರ್ ಮಾದರಿಯ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಸುಮಾರು 5.5ರಿಂದ 6.5 ಕಿಲೋ ಓಮ್ ತೋರಿಸುತ್ತದೆ. ಹಳೇ ಶೈಲಿಯ ಹಂಬಕರ್ 7.5ರಿಂದ 9, ಜೋರಿನ ಹಂಬಕರ್ 13ರಿಂದ 16. ವಾಲ್ಯೂಮ್ ಪಾಟ್ ಸಮಾನಾಂತರದಲ್ಲಿ ಇರುವುದರಿಂದ ನಿಜಕ್ಕಿಂತ ಸ್ವಲ್ಪ ಕಡಿಮೆಯೇ ಕಾಣುತ್ತದೆ. 8 ಕಿಲೋ ಓಮ್ ಪಿಕಪ್ 500 ಕಿಲೋ ಓಮ್ ಪಾಟ್‌ನ ಜೊತೆ 7.87 ತೋರಿಸುತ್ತದೆ. ಮೀಟರ್ 250 ಅಥವಾ 500 ಕಿಲೋ ಓಮ್ ಎಂದರೆ ಪಿಕಪ್ಪಿನ ತಂತಿ ಎಲ್ಲೋ ತುಂಡಾಗಿದೆ, ಅಲ್ಲಿ ಕಾಣುತ್ತಿರುವುದು ಬರೀ ಪಾಟ್. ಸೊನ್ನೆಯ ಹತ್ತಿರವಿದ್ದರೆ ಎಲ್ಲೋ ಶಾರ್ಟ್ ಆಗಿದೆ. ಬ್ಯಾಟರಿಯಿಂದ ನಡೆಯುವ ಆ್ಯಕ್ಟಿವ್ ಪಿಕಪ್‌ಗಳಿಗೆ ಈ ಅಳತೆ ಅನ್ವಯಿಸುವುದಿಲ್ಲ.

ಒಂದು ಪಿಕಪ್ ಸತ್ತಿದ್ದರೂ ನೆಕ್ ಚೆನ್ನಾಗಿದ್ದರೆ ನನಗೆ ಸಂತೋಷವೇ. ಆ ಒಂದು ಕಾರಣಕ್ಕೆ ಬೆಲೆ ಇಳಿಯುತ್ತದೆ, ನಾವು ಹೇಗೂ ಅದನ್ನು ಬದಲಿಸುವವರು. ಮಾರುವವರು ಹಿಂದೆ ಪಿಕಪ್ ಬದಲಿಸಿದ್ದರೆ ಮೂಲದ್ದನ್ನು ಕೇಳಿ ಪಡೆಯಿರಿ. ಎಷ್ಟೋ ಸಲ ಅವು ಅವರ ಅಟ್ಟದ ಡಬ್ಬಿಯಲ್ಲಿ ಸುಮ್ಮನೆ ಬಿದ್ದಿರುತ್ತವೆ.

ಪಿಕಪ್ ಕೊಳ್ಳುವ ಮುನ್ನ ಒಂದು ತಿಂಗಳು

ಗಿಟಾರ್ ಮನೆಗೆ ಬಂತು. ಹೊಸ ತಂತಿ ಹಾಕಿ, ಸೆಟಪ್ (ನೆಕ್, ತಂತಿ ಎತ್ತರ, ಶ್ರುತಿಗಳ ಹೊಂದಾಣಿಕೆ) ಮಾಡಿಸಿ, ಒಂದು ತಿಂಗಳು ನುಡಿಸಿ. ಈ ತಿಂಗಳಲ್ಲಿ ಸ್ಕ್ರೂಡ್ರೈವರ್ ಒಂದರಿಂದಲೇ ಆಗುವ ಪ್ರಯೋಗವಿದೆ: ಪಿಕಪ್ಪಿನ ಎತ್ತರ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ, ತಂತಿಯ ಅಡಿಯಿಂದ ಕಂಬದ ತಲೆಗೆ ಇರುವ ದೂರ ಅಳೆಯಿರಿ. ಹಂಬಕರ್‌ಗೆ ದಪ್ಪ ತಂತಿಯ ಕಡೆ 2 ಮಿ.ಮೀ., ತೆಳು ತಂತಿಯ ಕಡೆ 1.5 ಮಿ.ಮೀ.ಯಿಂದ ಶುರುಮಾಡಿ. ಅಯಸ್ಕಾಂತದ ಕಂಬಗಳೇ ಇರುವ ಸಿಂಗಲ್ ಕಾಯಿಲ್‌ಗೆ 2.4 ಮತ್ತು 2 ಮಿ.ಮೀ. ಅವು ತೀರಾ ಹತ್ತಿರವಾದರೆ ಅಯಸ್ಕಾಂತವೇ ತಂತಿಯನ್ನು ಎಳೆದು ಹಿಡಿಯುತ್ತದೆ. ದಪ್ಪ ತಂತಿಯಲ್ಲಿ ಮೇಲಿನ ಸ್ವರಗಳು ನಡುಗಿ, ಒಂದೇ ಸ್ವರದಲ್ಲಿ ಎರಡು ಸ್ವರ ಬೆರೆತಂತೆ, ಎಷ್ಟು ಶ್ರುತಿ ಮಾಡಿದರೂ ಸೇರದಂತೆ ಕೇಳುತ್ತವೆ. ಇದನ್ನು ಬ್ರಿಡ್ಜಿನ ದೋಷ ಎಂದುಕೊಂಡು ಪರದಾಡಿದವರನ್ನು ಕಂಡಿದ್ದೇನೆ. ಅರ್ಧ ಮಿಲಿಮೀಟರ್ ಇಳಿಸಿದ್ದಷ್ಟೇ ಅದಕ್ಕೆ ಮದ್ದಾಯಿತು.

ಇನ್ನು ಪಾಟ್ ಮತ್ತು ಕೇಬಲ್. ಸಿಂಗಲ್ ಕಾಯಿಲ್‌ಗೆ 250, ಹಂಬಕರ್‌ಗೆ 500 ಕಿಲೋ ಓಮ್ ಪಾಟ್ ವಾಡಿಕೆ. ಪಾಟ್‌ನ ಓಮ್ ಇಳಿದಷ್ಟೂ ಮೇಲಿನ ಹೊಳಪು ಸೋರಿಹೋಗುತ್ತದೆ. ನಿಮ್ಮ ಹಂಬಕರ್ ಮಂಕಾಗಿ ಕೇಳುತ್ತಿದ್ದು, ಒಳಗೆ 250ರ ಪಾಟ್ ಕೂತಿದ್ದರೆ ಪಿಕಪ್ಪನ್ನು ದೂರುವ ಮೊದಲು ಪಾಟ್ ಬದಲಿಸಿ. ಕೇಬಲ್ ಕೂಡ ಹಾಗೆಯೇ. ಸಾಧಾರಣ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಧಾರಕತೆ ಇರುತ್ತದೆ, ಅದೂ ಮೇಲಿನ ಹೊಳಪನ್ನು ಸೋರಿಸುತ್ತದೆ. ಹತ್ತು ಮೀಟರ್ ಕೇಬಲ್ ಬಿಟ್ಟು ಮೂರು ಮೀಟರಿನದ್ದು ಹಾಕಿ ನೋಡಿ, ಗಿಟಾರ್ ಮುಖ ತೊಳೆದುಕೊಂಡಂತೆ ಕೇಳುತ್ತದೆ.

ಇಷ್ಟಾದ ಮೇಲೂ ಕೊರತೆ ಉಳಿದರೆ ಆಗ ಪಿಕಪ್ ಹುಡುಕಿ. ಅಷ್ಟು ಹೊತ್ತಿಗೆ ಕೊರತೆ ಏನೆಂದು ನಿಮ್ಮ ಮಾತಿನಲ್ಲೇ ಹೇಳಲು ಬರುತ್ತದೆ. ಒಂದು ಕಾಗದದ ಮೇಲೆ ಒಂದೇ ಸಾಲು ಬರೆದಿಡಿ: "ನೆಕ್ ಪಿಕಪ್ಪಿನಲ್ಲಿ ದಪ್ಪ ತಂತಿಗಳು ಕೆಸರಿನಂತೆ ಕೇಳುತ್ತವೆ" ಎಂದೋ, "ಬ್ರಿಡ್ಜ್ ಪಿಕಪ್ ಸೂಜಿಯಂತೆ ಚುಚ್ಚುತ್ತದೆ" ಎಂದೋ. (ನೆಕ್ ಪಿಕಪ್ ಎಂದರೆ ನೆಕ್ಕಿನ ಹತ್ತಿರದ್ದು, ಬ್ರಿಡ್ಜ್ ಪಿಕಪ್ ಎಂದರೆ ಬ್ರಿಡ್ಜಿನ ಹತ್ತಿರದ್ದು.) ಆ ಸಾಲು ಇಲ್ಲದೆ ಪಿಕಪ್ ಕೊಳ್ಳಲು ಹೊರಟರೆ ಜಾಹೀರಾತಿನ ವಿಶೇಷಣಗಳಲ್ಲಿ ಕಳೆದುಹೋಗುತ್ತೀರಿ.

ಪಿಕಪ್ಪನ್ನು ಓದುವುದು

ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ. ಸಾಮಾನ್ಯವಾಗಿ 42ನೇ ಗೇಜಿನದು, ದಪ್ಪ ಸುಮಾರು 0.06 ಮಿ.ಮೀ. ಹಳೇ ಶೈಲಿಯ ಹಂಬಕರ್‌ನ ಒಂದೊಂದು ಕಾಯಿಲ್‌ನಲ್ಲಿ ಅದು ಸುಮಾರು ಐದು ಸಾವಿರ ಸುತ್ತು ಇರುತ್ತದೆ. ಸುತ್ತು ಹೆಚ್ಚಿದಂತೆ ದನಿ ಜೋರಾಗುತ್ತದೆ. ಜೊತೆಗೆ ಇಂಡಕ್ಟನ್ಸ್ (ವಿದ್ಯುತ್ತಿನ ಏರಿಳಿತವನ್ನು ಕಾಯಿಲ್ ತಡೆಯುವ ಗುಣ) ಏರಿ, ಪಿಕಪ್ಪಿನ ದನಿ ಎಲ್ಲಿ ಅತಿ ಹೊಳಪಾಗಿರುತ್ತದೋ ಆ ಶಿಖರ ಕೆಳಗಿಳಿಯುತ್ತದೆ. ಅದಕ್ಕೇ ಜೋರಿನ ಪಿಕಪ್ಪುಗಳು ನಡುದನಿಯಲ್ಲಿ ದಪ್ಪ, ಮೇಲ್ದನಿಯಲ್ಲಿ ಮಂದ.

ಅಂಗಡಿಗಳಲ್ಲಿ ಎಲ್ಲರೂ ಹೇಳುವ ಕಿಲೋ ಓಮ್ ಸಂಖ್ಯೆ ಕೇವಲ ತಂತಿಯ ರೋಧ. ಅದು ದನಿಯ ಅಳತೆ ಅಲ್ಲ. ಇನ್ನೂ ತೆಳುವಾದ 43 ಅಥವಾ 44ನೇ ಗೇಜಿನ ತಂತಿ ಸುತ್ತಿದರೆ, ಸುತ್ತು ಅಷ್ಟೇ ಇದ್ದರೂ ಸಂಖ್ಯೆ ಏರುತ್ತದೆ. ಒಂದೇ ಜಾತಿಯ, ಒಂದೇ ತಂತಿಯ ಎರಡು ಪಿಕಪ್‌ಗಳನ್ನು ಹೋಲಿಸುವಾಗ ಮಾತ್ರ ಅದಕ್ಕೆ ಅರ್ಥವಿದೆ. ತಯಾರಕರು ಇಂಡಕ್ಟನ್ಸ್ ಕೊಟ್ಟಿದ್ದರೆ ಅದನ್ನು ನೋಡಿ. ಸ್ಟ್ರಾಟೋಕಾಸ್ಟರ್ ಮಾದರಿಗೆ ಎರಡೂವರೆ ಹೆನ್ರಿಯ ಆಸುಪಾಸು, ಹಳೇ ಶೈಲಿಯ ಹಂಬಕರ್‌ಗೆ ನಾಲ್ಕರಿಂದ ಐದು, ಜೋರಿನವುಗಳಿಗೆ ಏಳು ಎಂಟು.

ಅಯಸ್ಕಾಂತಗಳಲ್ಲಿ ಆಲ್ನಿಕೋ 2 ಮೃದು, ಮೀಟಿದ ಏಟು ಸ್ವಲ್ಪ ದುಂಡಗೆ ಬರುತ್ತದೆ. ಆಲ್ನಿಕೋ 5 ಬಿಗಿ, ಹೊಳಪು. ಸೆರಾಮಿಕ್ ಇನ್ನೂ ಬಲವಾದದ್ದು, ಜೋರಿನ ಪಿಕಪ್ಪುಗಳಲ್ಲಿ ಹೆಚ್ಚು. ಆದರೆ ಅಯಸ್ಕಾಂತ ಒಂದೇ ದನಿ ತೀರ್ಮಾನಿಸುವುದಿಲ್ಲ, ಸುತ್ತಿನ ಜೊತೆ ಸೇರಿಸಿ ನೋಡಬೇಕು.

ಸಿಂಗಲ್ ಕಾಯಿಲ್ ಕರೆಂಟಿನ ಗುಂಯ್ ಎನ್ನುವ ಸದ್ದನ್ನೂ ಹಿಡಿಯುತ್ತದೆ. ಅದನ್ನು ಕಳೆಯಲೆಂದು 1955ರಲ್ಲಿ ಗಿಬ್ಸನ್‌ನ ಸೇಥ್ ಲವರ್ ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ತಿರುವುಮುರುವಾಗಿ ಜೋಡಿಸಿದ ಹಂಬಕರ್‌ಗೆ ಪೇಟೆಂಟ್ ಅರ್ಜಿ ಹಾಕಿದರು. 1957ರಿಂದ ಅದು ಗಿಟಾರುಗಳಲ್ಲಿ ಬಂತು. ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ನಡುವಿನ ಕಾಲದಲ್ಲಿ ಪಿಕಪ್ಪಿನ ಅಡಿಗೆ ಪೇಟೆಂಟ್‌ಗೆ ಅರ್ಜಿ ಹಾಕಿದೆ ಎಂಬ ಚೀಟಿ ಅಂಟಿಸುತ್ತಿದ್ದರು. ಆ ಇಂಗ್ಲಿಷ್ ಚೀಟಿಯ ಮೊದಲಕ್ಷರಗಳೇ ಇಂದು ಎಲ್ಲರ ಬಾಯಲ್ಲಿರುವ "ಪಿಎಎಫ್". ಹಂಬಕರ್‌ಗೂ ಮೊದಲು, 1946ರಿಂದ ಇರುವ ಪಿ-90 ಎಂಬ ಅಗಲ ಸಿಂಗಲ್ ಕಾಯಿಲ್ ಇವೆರಡರ ನಡುವಿನದು. ಗುಂಯ್ ಸದ್ದು ಇರುತ್ತದೆ, ಆದರೆ ಅದರ ಒರಟು ಮಾಧುರ್ಯ ನನಗೆ ಇನ್ನಾವುದರಲ್ಲೂ ಸಿಕ್ಕಿಲ್ಲ.

ಕಾಗದದ ಮೇಲಿನ ಸಾಲಿಗೆ ಈಗ ಬನ್ನಿ. ನೆಕ್ ಕಡೆ ಕೆಸರೆನಿಸಿದರೆ ಕಡಿಮೆ ಸುತ್ತಿನ ಪಿಕಪ್ ಬೇಕು. ಬ್ರಿಡ್ಜ್ ಚುಚ್ಚುತ್ತಿದ್ದರೆ ಸ್ವಲ್ಪ ಹೆಚ್ಚು ಸುತ್ತಿನದು ಅಥವಾ ಆಲ್ನಿಕೋ 2 ನೋಡಿ. ಗುಂಯ್ ಸದ್ದು ತಡೆಯಲಾಗದಿದ್ದರೂ ಮರ ಕೊರೆಯಲು ಮನಸ್ಸಿಲ್ಲದಿದ್ದರೆ ಸಿಂಗಲ್ ಕಾಯಿಲ್ ಅಳತೆಯಲ್ಲೇ ಬರುವ ಹಂಬಕರ್‌ಗಳಿವೆ. "ಜೋರು ಸಾಲದು" ಎಂದು ಬರೆದಿದ್ದರೆ ಮಾತ್ರ ಇನ್ನೊಮ್ಮೆ ಯೋಚಿಸಿ. ಜೋರನ್ನು ಆಂಪ್ಲಿಫೈಯರ್ ಕೊಡುತ್ತದೆ, ಪೆಡಲ್ ಕೊಡುತ್ತದೆ. ಪಿಕಪ್ ತಿಂದುಹಾಕಿದ ಹೊಳಪನ್ನು ಮರಳಿ ಕೊಡುವುದು ಅವಕ್ಕೆ ಕಷ್ಟ. ಮಧ್ಯಮ ಜೋರಿನ ಪಿಕಪ್ ಕೊಂಡು ಪಶ್ಚಾತ್ತಾಪ ಪಟ್ಟದ್ದು ನನಗೆ ನೆನಪಿಲ್ಲ. ನೆಕ್, ಬ್ರಿಡ್ಜ್ ಎರಡೂ ಪಿಕಪ್ಪುಗಳನ್ನು ಒಟ್ಟಿಗೆ ಬದಲಿಸಬೇಡಿ, ಹೆಚ್ಚು ಕಾಡುವ ಒಂದನ್ನು ಮೊದಲು ಬದಲಿಸಿ. ಬ್ರಿಡ್ಜಿನ ಹತ್ತಿರ ತಂತಿಯ ಓಲಾಟ ಕಡಿಮೆ. ಹಾಗಾಗಿ ಅಲ್ಲಿನ ಪಿಕಪ್ ನೆಕ್ ಪಿಕಪ್ಪಿಗಿಂತ ಸ್ವಲ್ಪ ಜೋರಾಗಿರಬೇಕು. ನೆಕ್ಕಿಗೆಂದು ಮಾಡಿದ್ದನ್ನು ಬ್ರಿಡ್ಜಿಗೆ ಹಾಕಿದರೆ ಸಪ್ಪೆಯಾಗುವುದು ಇದಕ್ಕೇ.

ಆ್ಯಕ್ಟಿವ್ ಪಿಕಪ್ ಬೇಕೆಂದರೆ 9 ವೋಲ್ಟ್ ಬ್ಯಾಟರಿಗೆ ಜಾಗ, ಸ್ಟೀರಿಯೋ ಜ್ಯಾಕ್, ಸಾಮಾನ್ಯವಾಗಿ 25 ಕಿಲೋ ಓಮ್ ಪಾಟ್ ಬೇಕಾಗುತ್ತದೆ. ಒಂದು ಆ್ಯಕ್ಟಿವ್, ಒಂದು ಸಾದಾ ಎಂದು ಬೆರೆಸುವುದು ತಲೆನೋವು.

ಅಳತೆ ತೆಗೆದುಕೊಂಡೇ ಕೊಳ್ಳಿ

ಹಂಬಕರ್‌ನ ಮೊದಲ ಕಂಬದ ನಡುವಿನಿಂದ ಆರನೇ ಕಂಬದ ನಡುವಿಗೆ ಎಷ್ಟು ದೂರ? ಗಿಬ್ಸನ್ ಮಾದರಿಯಲ್ಲಿ 49ರಿಂದ 50 ಮಿ.ಮೀ., ಫೆಂಡರ್ ಮಾದರಿಯ ಹಾಗೂ ಫ್ಲಾಯ್ಡ್ ರೋಸ್ ಬ್ರಿಡ್ಜುಗಳಿಗೆ ಹೊಂದುವಂಥದ್ದು 53 ಮಿ.ಮೀ. ಹತ್ತಿರ. ನಿಮ್ಮ ಗಿಟಾರಿನಲ್ಲಿ ಪಿಕಪ್ ಕೂರುವ ಜಾಗದಲ್ಲಿ ತಂತಿಗಳ ಅಗಲ ಅಳೆದು, ಅದಕ್ಕೆ ಹೊಂದುವುದನ್ನು ಆರಿಸಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಕಿವಿಗಿಂತ ಕಣ್ಣಿಗೇ ಹೆಚ್ಚು ಕಾಡುತ್ತದೆ ಎನ್ನುವುದೂ ನಿಜ. ಗುಳಿಯ ಆಳ, ಪಿಕಪ್ಪಿನ ಕಾಲುಗಳ ಉದ್ದವನ್ನೂ ನೋಡಿ.

ಪಿಕಪ್ಪನ್ನೂ ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಜಾಣತನ. ಅದರಲ್ಲಿ ಸವೆಯುವ ಭಾಗವಿಲ್ಲ. ಮೀಟರ್ ಹಿಡಿದು ರೋಧ ನೋಡಿ, ತಂತಿ ಎಷ್ಟು ಉದ್ದ ಉಳಿದಿದೆ ನೋಡಿ, ಕಾಯಿಲ್ ಸುತ್ತಿನ ಮೇಲೆ ಗೀರು ಇದೆಯೇ ನೋಡಿ. ಸಾಕು.

ಕೂರಿಸುವುದು

ಏನನ್ನೂ ಬಿಚ್ಚುವ ಮೊದಲು ಒಳಗಿನ ಪ್ರತಿ ಬೆಸುಗೆಯ ಫೋಟೋ ತೆಗೆಯಿರಿ. ನುಡಿಸುವ ತಂತಿಗಳನ್ನು ಕಳಚಿ, ಗಿಟಾರಿನ ಮೈಮೇಲೆ ದಪ್ಪ ಬಟ್ಟೆ ಹಾಸಿ. ಕಾದ ಬೆಸುಗೆಯ ಒಂದು ಹನಿ ಬಿದ್ದರೆ ಪಾಲಿಶ್‌ನಲ್ಲಿ ಶಾಶ್ವತ ಕಲೆ. ಕಿಟಕಿ ತೆರೆದಿರಲಿ, ಕನ್ನಡಕ ಹಾಕಿಕೊಳ್ಳಿ. 40ರಿಂದ 60 ವ್ಯಾಟ್‌ನ ಬೆಸುಗೆ ಕಡ್ಡಿ ಬೇಕು. ತೀರಾ ಸಣ್ಣದಾದರೆ ಪಾಟ್‌ನ ಲೋಹದ ಬೆನ್ನು ಶಾಖವನ್ನೆಲ್ಲ ಹೀರಿಕೊಂಡು, ಬೆಸುಗೆ ಹಿಡಿಯುವಷ್ಟರಲ್ಲಿ ಪಾಟ್ ಒಳಗೇ ಸುಟ್ಟಿರುತ್ತದೆ. ಮೊದಲು ಲೋಹ ಕಾಯಲಿ, ಆಮೇಲೆ ಸೀಸ ಮುಟ್ಟಿಸಿ. ಬೆಸುಗೆ ಹೊಳೆಯುತ್ತಾ ಹರಡಿ ಕೂತರೆ ಗಟ್ಟಿ, ಉಂಡೆಯಾಗಿ ಮಂಕಾದರೆ ಮತ್ತೆ ಮಾಡಿ.

ನಾಲ್ಕು ಬಣ್ಣದ ತಂತಿಗಳಿರುವ ಹಂಬಕರ್‌ನಲ್ಲಿ ಎಚ್ಚರ. ಬಣ್ಣಗಳ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆ. ಸೇಮೋರ್ ಡಂಕನ್‌ನಲ್ಲಿ ಕಪ್ಪು ದನಿಯ ತಂತಿ. ಕೆಂಪು ಬಿಳಿ ಎರಡನ್ನೂ ಒಂದಕ್ಕೊಂದು ಸೇರಿಸಿ ಟೇಪ್ ಸುತ್ತಬೇಕು. ಹಸಿರು ಮತ್ತು ಬರಿ ತಂತಿ ಗ್ರೌಂಡಿಗೆ. ಡಿಮಾರ್ಜಿಯೋದಲ್ಲಿ ಕೆಂಪು ದನಿಯ ತಂತಿ, ಸೇರಿಸಬೇಕಾದ್ದು ಕಪ್ಪು ಬಿಳಿ, ಹಸಿರು ಮತ್ತು ಬರಿ ತಂತಿ ಗ್ರೌಂಡಿಗೆ. ನಾನು ಒಮ್ಮೆ ಒಂದರ ನಕ್ಷೆ ಹಿಡಿದು ಇನ್ನೊಂದನ್ನು ಬೆಸೆದು, ಹಂಬಕರ್ ಇದ್ದರೂ ಬಡಕಲು ದನಿ ಬಂದಾಗ ಇಡೀ ಸಂಜೆ ಕಳೆದಿದ್ದೇನೆ.

ಹೊಸ ಪಿಕಪ್ ಹಳೆಯದರ ಜೊತೆ ಒಂದೇ ದಿಕ್ಕಿನಲ್ಲಿ ನುಡಿಯುತ್ತದೆಯೇ ಎಂದು ಬೆಸೆಯುವ ಮೊದಲೇ ತಿಳಿಯಬಹುದು. ಹಳೆಯದರ ದನಿಯ ತಂತಿಗೆ ಮೀಟರಿನ ಕೆಂಪು ಕಡ್ಡಿ, ಗ್ರೌಂಡಿಗೆ ಕಪ್ಪು ಕಡ್ಡಿ ಹಿಡಿದು, ರೋಧ ಅಳೆಯುತ್ತಿರುವಾಗ ಸ್ಕ್ರೂಡ್ರೈವರ್ ಅನ್ನು ಪಿಕಪ್ಪಿನ ಮೇಲೆ ತಟ್ಟನೆ ಇಡಿ. ಅಂಕಿ ಒಂದು ಕ್ಷಣ ಏರುತ್ತದೆ ಅಥವಾ ಇಳಿಯುತ್ತದೆ. ಹೊಸದರಲ್ಲೂ ಹಾಗೇ ಮಾಡಿ. ಎರಡೂ ಏರಿದರೆ ಅಥವಾ ಎರಡೂ ಇಳಿದರೆ ಸರಿ. ಒಂದು ಏರಿ ಒಂದು ಇಳಿದರೆ ಎರಡೂ ಪಿಕಪ್ ಒಟ್ಟಿಗೆ ನುಡಿಸಿದಾಗ ದನಿ ಮೂಗಿನಿಂದ ಬಂದಂತೆ ತೆಳ್ಳಗಾಗುತ್ತದೆ. ನಾಲ್ಕು ತಂತಿಯ ಪಿಕಪ್ ಆದರೆ ದನಿ ಮತ್ತು ಗ್ರೌಂಡ್ ತಂತಿಗಳನ್ನು ಅದಲುಬದಲು ಮಾಡಿ, ಬರಿ ತಂತಿಯನ್ನು ಮಾತ್ರ ಗ್ರೌಂಡಿನಲ್ಲೇ ಬಿಡಿ.

ತಂತಿ ಏರಿಸುವ ಮೊದಲೇ ಕೇಬಲ್ ಸಿಕ್ಕಿಸಿ, ಸ್ಕ್ರೂಡ್ರೈವರ್‌ನಿಂದ ತಟ್ಟಿ ಎಲ್ಲ ಸ್ಥಾನಗಳನ್ನೂ ಪರೀಕ್ಷಿಸಿ. ಆಮೇಲೆ ತಂತಿ, ಶ್ರುತಿ, ಎತ್ತರ. ಎತ್ತರ ಹೊಂದಿಸುವಾಗ ಎರಡೂ ಪಿಕಪ್‌ಗಳ ನಡುವೆ ಸೆಲೆಕ್ಟರ್ ಅತ್ತಿತ್ತ ಮಾಡುತ್ತಾ, ಜೋರು ಸಮನಾಗುವವರೆಗೆ ಕಾಲು ಸುತ್ತು, ಕಾಲು ಸುತ್ತು ತಿರುಗಿಸಿ. ಅದೇ ದಿನ ತೀರ್ಪು ಕೊಡಬೇಡಿ, ಹೊಸ ತಂತಿಯ ಹೊಳಪೂ ಹೊಸ ಪಿಕಪ್ಪಿನ ಹೊಳಪೂ ಕಿವಿಯಲ್ಲಿ ಬೆರೆತಿರುತ್ತವೆ. ಎರಡು ದಿನ ಬಿಟ್ಟು ಕೇಳಿ, ಕಾಗದದ ಮೇಲೆ ಬರೆದಿಟ್ಟ ಆ ಸಾಲನ್ನು ಪಕ್ಕದಲ್ಲಿಟ್ಟುಕೊಂಡು.

ತೆಗೆದ ಹಳೇ ಪಿಕಪ್ಪನ್ನು ಅದರ ಸ್ಕ್ರೂ, ಸ್ಪ್ರಿಂಗ್‌ಗಳ ಜೊತೆ ಒಂದು ಡಬ್ಬಿಗೆ ಹಾಕಿ, ಯಾವ ಗಿಟಾರಿನದು, ಯಾವ ಸ್ಥಾನದ್ದು ಎಂದು ಬರೆದು ಎತ್ತಿಡಿ. ಮುಂದೆ ಈ ಗಿಟಾರ್ ಕೊಳ್ಳಲು ಬರುವವರು ಮೂಲದ್ದನ್ನು ಕೇಳುತ್ತಾರೆ.